ಕಾಲುದಾರಿಯ ಋಣ

ಚಾರಣವೆಂದರೆ ದಿನವಿಡೀ ಬೆಟ್ಟ ಹತ್ತಿ ಬಸವಳಿಯುವುದು ಎಂದೇ ಹಲವರ ಎಣಿಕೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಕುರಿಂಜಲ್, ಗಂಗಡಿಕಲ್ಲಿನಂತಹ ಸಣ್ಣ ಹಾದಿಗಳೂ ಇವೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಳಿಗ್ಗೆ ಹೊರಟರೆ ಸಂಜೆಗೆ ಮುಂಚೆಯೇ ಆರಾಮವಾಗಿ ಇಳಿದು ಬರಬಹುದು.

ಅಲ್ಲಿ ಕಣಿವೆಯ ಮಡಿಲಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು, ಅದರ ಮೇಲೆ ಹುಲ್ಲುಗಾವಲು. ಬರೀ ಬೋಳುಗುಡ್ಡವೆಂದು ತಿಳಿದರೆ ಮೋಸಹೋದಂತೆ. ಮಳೆಗಾಲದ ನೀರನ್ನು ಈ ಹುಲ್ಲು, ಕಾಡು ಮತ್ತು ಮಣ್ಣು ಹಿಡಿದಿಟ್ಟುಕೊಂಡು ಬೇಸಗೆಯಲ್ಲಿ ತೊರೆಗಳಿಗೆ ತುಸುತುಸುವೇ ಬಿಟ್ಟುಕೊಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇದೇ ಸೀಮೆಯಲ್ಲಿ. ಮಂಗಳೂರಿನ ಮಸೀದಿಯಲ್ಲಿ ವುಝೂ ಮಾಡುವವರ ಮೇಲೂ ಭದ್ರಾವತಿಯ ಗದ್ದೆಗೆ ನೀರು ಹಾಯಿಸುವವರ ಮೇಲೂ ಈ ಹುಲ್ಲಿನ ಋಣವಿದೆ.

ಈ ನೆಲ ತಾನಾಗಿ ಉಳಿದದ್ದಲ್ಲ. ಜನರ ಹೋರಾಟ, 2002ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2005ರ ಕೊನೆಗೆ ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಗಣಿಯ ಯಂತ್ರ ಹೋಯಿತು, ನಮ್ಮ ಕಾಲು ಬಂತು.

2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತಹ ಜನಸಂದಣಿ ಸೇರಿದ ಮೇಲೆ ಸರಕಾರ ಕೆಲಕಾಲ ಚಾರಣ ನಿಲ್ಲಿಸಿತು. ಅದೇ ವರ್ಷ ಆನ್‌ಲೈನ್ ಟಿಕೆಟ್ಟೂ ಒಂದು ಹಾದಿಗೆ ದಿನಕ್ಕೆ 300 ಮಂದಿಯ ಮಿತಿಯೂ ಬಂದವು. 'ದುಡ್ಡು ಕೊಟ್ಟರೂ ಜಾಗವಿಲ್ಲವೇ' ಎಂದು ಗೊಣಗುವವರಿದ್ದಾರೆ. ಮಿತಿ ಸರಿಯೆಂದೇ ನನ್ನ ಭಾವನೆ. ದಾರಿ ಕೆಸರಾದರೆ ನಾವು ಪಕ್ಕದ ಹುಲ್ಲು ತುಳಿಯುತ್ತೇವೆ. ದಾರಿ ಅಗಲವಾಗುತ್ತದೆ. ಮುಂದಿನ ಮಳೆಗೆ ಅದೇ ಕಾಲುವೆಯಾಗಿ ಮಣ್ಣು ಕೊಚ್ಚಿಹೋಗುತ್ತದೆ. ಸಣ್ಣ ಹಾದಿ ಎಲ್ಲರಿಗೂ ಸುಲಭ; ಆದ್ದರಿಂದಲೇ ಅದಕ್ಕೆ ಪೆಟ್ಟೂ ಹೆಚ್ಚು.

ಇನ್ನೊಂದು ಮಾತನ್ನೂ ಮರೆಯಬಾರದು. ಇಂತಹ ಕಾಲುದಾರಿಗಳಲ್ಲಿ ಬಹಳಷ್ಟು ನಮಗಾಗಿ ಮೂಡಿದವಲ್ಲ. ಬೆಟ್ಟದ ಮಕ್ಕಳೂ ಅವರ ದನಕರುಗಳೂ ತಲೆಮಾರುಗಳಿಂದ ನಡೆದು ಸವೆಸಿದವು. ಉದ್ಯಾನವಾದ ಮೇಲೆ ಅನೇಕ ಕುಟುಂಬಗಳು ಪರಿಹಾರ ಪಡೆದು ಹೊರಬಂದವು. ಉಳಿದವರಿಗೆ ಒಂದು ರಸ್ತೆ, ಒಂದು ವಿದ್ಯುತ್ ಕಂಬಕ್ಕೂ ಕಾನೂನಿನ ತೊಡಕು. ನಮಗೆ ಮಾತ್ರ ಒಂದು ಟಿಕೆಟ್ ಸಾಕು! ಕಾಡು ಉಳಿಯಬೇಕು, ನಿಜ. ಅದರ ಬೆಲೆಯನ್ನು ಅವರೊಬ್ಬರೇ ತೆರುವುದು ನ್ಯಾಯವಲ್ಲ. ಚಾರಣದ ಹಣದಲ್ಲಿ, ಗೈಡ್ ಕೆಲಸದಲ್ಲಿ ಮೊದಲ ಪಾಲು ಆ ಮನೆಗಳಿಗೆ ಸಲ್ಲಬೇಕು.

ದಾರಿಹೋಕರಿಗೆ ತೊಂದರೆಯಾಗುವುದನ್ನು ದಾರಿಯಿಂದ ಸರಿಸುವುದೂ ಈಮಾನಿನ ಭಾಗವೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಕಾಡಿನ ದಾರಿಯಲ್ಲಿ ಆ ತೊಂದರೆ ಕೆಲವೊಮ್ಮೆ ನಾವೆಸೆದ ನೀರಿನ ಬಾಟಲಿ. ಕೆಲವೊಮ್ಮೆ, 301ನೆಯವರಾಗಿ ನುಗ್ಗಲು ಹಟ ಹಿಡಿಯುವ ನಾವೇ.