ಘಾಟಿ ಹತ್ತುವ ಲಾರಿಗೆ ಸೂಪರ್‌ಚಾರ್ಜರ್ ಬೇಕೆ?

ನಮ್ಮ ಮನೆಯ ಲಾರಿ ಸೆಕೆಂಡ್ ಹ್ಯಾಂಡ್. ಟರ್ಬೊ ಇಲ್ಲದ ಹಳೇ ಕಾಲದ ಆರು ಸಿಲಿಂಡರ್ ಡೀಸೆಲ್ ಎಂಜಿನ್. ತಿಪಟೂರಿನಿಂದ ತೆಂಗಿನಕಾಯಿ ಹೊತ್ತು ಮಂಗಳೂರಿಗೆ ಇಳಿಯುತ್ತದೆ, ಬರುವಾಗ ಗೊಬ್ಬರದ ಮೂಟೆ ತುಂಬಿಕೊಂಡು ಶಿರಾಡಿ ಘಾಟಿ ಹತ್ತುತ್ತದೆ. ಗುಂಡ್ಯ ದಾಟಿದ ಮೇಲೆ ಎರಡನೇ ಗೇರು, ಬಿಟ್ಟರೆ ಮೂರನೇ ಗೇರು. ಹಿಂದೆ ಬಸ್ಸು, ಕಾರುಗಳ ಹಾರ್ನು.

ಅಮೆರಿಕದ ಪಿಕಪ್ ಟ್ರಕ್ಕಿಗೆ ಸೂಪರ್‌ಚಾರ್ಜರ್ ಕೂರಿಸುವ ವಿಡಿಯೊ ನೋಡಿದ ಮನೆಯ ಹುಡುಗರು ‘ನಮ್ಮ ಲಾರಿಗೂ ಹಾಕಿಸೋಣ’ ಅಂದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ತಿಂಗಳಿಗೆ ಒಂದು ಟ್ರಿಪ್ ಹೆಚ್ಚಾದರೆ ಸಾಲದ ಕಂತಿಗೆ ಆಗುತ್ತದೆ. ಹಾಗಾಗಿ ಎಲ್ಲರೂ ಕೂತು ಲೆಕ್ಕ ಹಾಕಿದೆವು.

ಮೊದಲು ಇದರ ಕೆಲಸ ಏನು ನೋಡೋಣ. ಡೀಸೆಲ್ ಸುಡಲು ಗಾಳಿ ಬೇಕು. ಗಾಳಿ ಸಾಲದೆ ಡೀಸೆಲ್ ಹೆಚ್ಚಾದರೆ ಕಪ್ಪು ಹೊಗೆ ಬರುತ್ತದೆ, ಶಕ್ತಿ ಬರುವುದಿಲ್ಲ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಗಾಡಿ ಮೇಲೆ ಹೋದಂತೆ ಏದುಸಿರು ಬಿಡುವುದಕ್ಕೆ ಇದೂ ಒಂದು ಕಾರಣ. ಸೂಪರ್‌ಚಾರ್ಜರ್ ಅಂದರೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಎಂಜಿನ್ನೇ ಬೆಲ್ಟಿನಿಂದಲೋ ಗೇರಿನಿಂದಲೋ ಅದನ್ನು ತಿರುಗಿಸಬೇಕು. ಟರ್ಬೊ ಮಾಡುವುದೂ ಅದೇ ಕೆಲಸ, ಆದರೆ ಅದು ತಿರುಗುವುದು ಸೈಲೆನ್ಸರಿಗೆ ಹೋಗುವ ಹೊಗೆಯ ರಭಸದಿಂದ.

ಸೂಪರ್‌ಚಾರ್ಜರ್ ಕೆಟ್ಟ ಸಾಮಾನಲ್ಲ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್ ಮೊದಲು ಕುಲುಮೆಗಳಿಗೆ ಗಾಳಿ ಊದುತ್ತಿತ್ತು. 1938ರಲ್ಲಿ ಬಂದ ಡೆಟ್ರಾಯಿಟ್ ಡೀಸೆಲ್ 71 ಸರಣಿಯ ಎಂಜಿನ್‌ಗಳಲ್ಲಿ ಅದೇ ಮಾದರಿಯ ಬ್ಲೋವರ್ ಇತ್ತು. ಅವು ಲಾರಿ, ಬಸ್ಸು, ದೋಣಿಗಳಲ್ಲಿ ದಶಕಗಟ್ಟಲೆ ದುಡಿದವು. ಅವು ಎರಡು ಸ್ಟ್ರೋಕಿನ ಎಂಜಿನ್‌ಗಳು, ಬ್ಲೋವರ್ ಇಲ್ಲದೆ ನಡೆಯುವಂತೆಯೇ ಇರಲಿಲ್ಲ. ಡಿಸೈನ್ ಮಾಡುವಾಗಲೇ ಅದನ್ನು ಸೇರಿಸಿ ಮಾಡಿದ್ದರು. ನಮ್ಮ ಪ್ರಶ್ನೆ ಬೇರೆ: ಅದಕ್ಕಾಗಿ ಮಾಡದ ಎಂಜಿನ್ನಿಗೆ ಆಮೇಲೆ ಕೂರಿಸಿದರೆ ಏನಾಗುತ್ತದೆ?

ಅರ್ಧ ಬಾರ್ ಒತ್ತಡ ಕೊಟ್ಟೆವು ಅಂದುಕೊಳ್ಳಿ. ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ ಒಂದೂವರೆ ಪಟ್ಟು. ಪಿಸ್ಟನ್ ಅದನ್ನು ಮತ್ತೆ ಒತ್ತಿದಾಗ ಒಳಗಿನ ಒತ್ತಡವೂ ಹೆಚ್ಚುಕಮ್ಮಿ ಒಂದೂವರೆ ಪಟ್ಟಾಗುತ್ತದೆ. ಅದನ್ನು ತಡೆಯಬೇಕಾದ್ದು ಹಳೇ ಹೆಡ್ ಗ್ಯಾಸ್ಕೆಟ್, ಹಳೇ ಬೋಲ್ಟು, ಹಳೇ ಬೇರಿಂಗು. ಜೊತೆಗೆ, ಸೈಕಲ್ ಪಂಪು ಹೊಡೆದಾಗ ಕೈಗೆ ಬಿಸಿ ತಾಗುತ್ತದಲ್ಲ, ಹಾಗೆ ಒತ್ತಿದ ಗಾಳಿ ಕಾಯುತ್ತದೆ. 30 ಡಿಗ್ರಿಯ ಗಾಳಿ ರೂಟ್ಸ್ ಬ್ಲೋವರಿನಿಂದ ಹೊರಬರುವಾಗ ಸುಮಾರು 90 ಡಿಗ್ರಿ ಆಗಬಹುದು. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಗಾಳಿ ಹೆಚ್ಚಾದ ಮೇಲೆ ಡೀಸೆಲ್ ಹೆಚ್ಚಿಸದಿದ್ದರೆ ಶಕ್ತಿ ಹೆಚ್ಚುವುದಿಲ್ಲ, ಆದ್ದರಿಂದ ಪಂಪಿನ ಸೆಟ್ಟಿಂಗೂ ಬದಲಾಗಬೇಕು. ಡೀಸೆಲ್ ಹೆಚ್ಚಿದಷ್ಟೂ ಬೆಂಕಿ ಹೆಚ್ಚು. ಅದರ ಶಾಖವನ್ನು ಹೊರಹಾಕಬೇಕಾದ್ದು ಅದೇ ಹಳೇ ರೇಡಿಯೇಟರ್.

ಕಂಪನಿಯವರು ಟರ್ಬೊ ಎಂಜಿನ್ ಮಾಡುವಾಗ ಪಿಸ್ಟನ್ ಬದಲಿಸುತ್ತಾರೆ, ಸಾಮಾನ್ಯವಾಗಿ ಅದರ ಅಡಿಗೆ ಆಯಿಲ್ ಚಿಮ್ಮಿಸಿ ತಣಿಸುತ್ತಾರೆ, ಕ್ಲಚ್ಚು, ಗೇರ್‌ಬಾಕ್ಸ್ ಎಲ್ಲವನ್ನೂ ಆ ಶಕ್ತಿಗೆ ಹೊಂದಿಸುತ್ತಾರೆ. ಹೊರಗೆ ಕಾಣುವ ಟರ್ಬೊ ಅದರ ಒಂದು ಭಾಗ ಮಾತ್ರ.

ವಿಡಿಯೊದಲ್ಲಿ ಕಾಣದ ಇನ್ನೊಂದು ವಿಷಯವಿದೆ, ಅದು ಹೊತ್ತು. ಆ ಪಿಕಪ್ಪುಗಳಲ್ಲಿ ಹೆಚ್ಚಿನವು ಪೆಟ್ರೋಲ್ ಗಾಡಿಗಳು. ಹತ್ತು ಸೆಕೆಂಡು ಆಕ್ಸಿಲರೇಟರ್ ಅದುಮಿ, ಬಿಟ್ಟುಬಿಡುತ್ತಾರೆ. ಅಷ್ಟರಲ್ಲಿ ಲೋಹ ಪೂರ್ತಿ ಕಾಯುವುದೇ ಇಲ್ಲ. ನಮ್ಮ ಲಾರಿ ಲೋಡು ಹೊತ್ತು ಘಾಟಿಯುದ್ದಕ್ಕೂ ಅದುಮಿದ ಆಕ್ಸಿಲರೇಟರಿನಲ್ಲೇ ನಡೆಯುತ್ತದೆ. ಎಕ್ಸಾಸ್ಟ್ ಶಾಖ 700 ಡಿಗ್ರಿ ದಾಟಿ ಹಾಗೇ ನಿಂತರೆ ವಾಲ್ವು ಬಿರಿಯಬಹುದು, ಪಿಸ್ಟನ್ ತಲೆ ಕರಗಬಹುದು. ಹತ್ತು ಸೆಕೆಂಡಿಗೆ ತಾಳಿದ ಎಂಜಿನ್ ಮುಕ್ಕಾಲು ಗಂಟೆಗೂ ತಾಳುತ್ತದೆ ಅನ್ನುವಂತಿಲ್ಲ.

ಇಷ್ಟೂ ಸರಿಮಾಡಿಸಿದೆವು ಅಂತಲೇ ಇಟ್ಟುಕೊಳ್ಳಿ. ಆಗ ಬರುವ ಭಯ ಬೇರೆ. ಲಾರಿ ಸಲೀಸಾಗಿ ಹತ್ತುತ್ತದೆ ಅಂತ ಗೊತ್ತಾದರೆ ಮುಂದಿನ ಸಲ ಇನ್ನಷ್ಟು ಮೂಟೆ ಹೇರುತ್ತೇವೆ. ಆದರೆ ಅದೇ ಘಾಟಿ ಇಳಿಯುವಾಗ ಬ್ರೇಕ್ ಡ್ರಮ್ಮು ಹಳೆಯದೇ. ಹತ್ತುವಾಗ ಸೋತ ಎಂಜಿನ್ ಲಾರಿಯನ್ನು ರಸ್ತೆ ಬದಿ ನಿಲ್ಲಿಸುತ್ತದೆ. ಇಳಿಯುವಾಗ ಸೋತ ಬ್ರೇಕು ಹಾಗೆ ನಿಲ್ಲಿಸುವುದಿಲ್ಲ. ಕ್ಯಾಬಿನ್ನಿನಲ್ಲಿ ಕೂರುವವರು ನಮ್ಮ ಮನೆಯವರೇ.

ಕಾನೂನನ್ನೂ ನೋಡಿದೆವು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಕಾಯ್ದೆ ಒಪ್ಪದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರಬಹುದು.

ಕೊನೆಗೆ ದುಡ್ಡಿನ ಲೆಕ್ಕ ಸುಲಭವಾಯಿತು. ಸೂಪರ್‌ಚಾರ್ಜರ್ ಉಳಿಸುವುದು ಘಾಟಿಯಲ್ಲಿ ಕೆಲವು ನಿಮಿಷ. ಎಂಜಿನ್ ಬಿಚ್ಚಿ ಗ್ಯಾರೇಜಿನಲ್ಲಿ ನಿಂತರೆ ಹೋಗುವುದು ವಾರಗಟ್ಟಲೆ ಬಾಡಿಗೆ. ಲಾರಿ ನಿಂತರೂ ಕಂತು ನಿಲ್ಲುವುದಿಲ್ಲ.

ಹಾಗಾಗಿ ಹುಡುಗರ ಜೊತೆ ಸೇರಿ ಇದ್ದುದನ್ನೇ ಸರಿಮಾಡಿಸಿದೆವು. ಏರ್ ಫಿಲ್ಟರ್ ಹೊಸದು, ಇಂಜೆಕ್ಟರ್ ಟೆಸ್ಟಿಂಗ್, ಟ್ಯಾಪೆಟ್ ಸೆಟ್ಟಿಂಗ್, ರೇಡಿಯೇಟರ್ ಒಳಗಿನ ಪಾಚಿ ಕ್ಲೀನಿಂಗ್, ಬ್ರೇಕ್ ಲೈನಿಂಗ್. ಕಪ್ಪು ಹೊಗೆ ಕಡಿಮೆಯಾಗಿದೆ, ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತಿಲ್ಲ. ಘಾಟಿಯಲ್ಲಿ ಈಗಲೂ ನಿಧಾನವೇ. ಹಿಂದಿನವರಿಗೆ ಅಲ್ಲಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ. ಕಂತು ತೀರಿದ ಮೇಲೆ ಗಾಡಿ ಬದಲಿಸುವುದಾದರೆ, ಕಂಪನಿಯಲ್ಲೇ ಟರ್ಬೊ ಕೂರಿಸಿ ಬಂದದ್ದನ್ನು ನೋಡುತ್ತೇವೆ.