ಸಂದರ್ಶನದಲ್ಲಿ ಹೇಳಿದ ಕಥೆ

ಕಳೆದ ಶ್ರಾವಣ ಮಾಸದ ಒಂದು ಸಂಜೆ. ಮಠದಲ್ಲಿ ಪುರಾಣ ಕೇಳಿಕೊಂಡು ನಾವು ಮನೆಗೆ ಬಂದಾಗ ನಮ್ಮ ಮಗಳು ಪಡಸಾಲೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ ಇಂಗ್ಲಿಷಿನಲ್ಲಿ ಏನನ್ನೋ ಬಾಯಿಪಾಠ ಮಾಡುತ್ತಿದ್ದಳು. ಇಂಜಿನಿಯರಿಂಗ್ ಮುಗಿಸಿದ ಆಕೆಗೆ ಬೆಂಗಳೂರಿನ ಕಂಪನಿಯೊಂದರಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಈಗಿನ ಸಂದರ್ಶನಗಳಲ್ಲಿ ಅಂಕಪಟ್ಟಿಯನ್ನು ನೋಡಿ ಸುಮ್ಮನಾಗುವುದಿಲ್ಲವಂತೆ. "ನೀವು ಎದುರಿಸಿದ ಕಷ್ಟದ ಸನ್ನಿವೇಶವೊಂದನ್ನು ಹೇಳಿರಿ" ಎಂದು ಕೇಳುತ್ತಾರೆ. ಉತ್ತರ ಕೊಡುವುದಕ್ಕೂ ಒಂದು ಕ್ರಮವಿದೆ: ಸನ್ನಿವೇಶವೇನು, ನಿಮ್ಮ ಪಾಲಿಗೆ ಬಂದ ಹೊಣೆ ಏನು, ನೀವು ಮಾಡಿದ್ದೇನು, ಫಲವೇನಾಯಿತು. ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಇದಕ್ಕೆ 'ಸ್ಟಾರ್' ಪದ್ಧತಿ ಎನ್ನುತ್ತಾರೆಂದು ಮಗಳೇ ನಮಗೆ ತಿಳಿಸಿದಳು.

ನಮ್ಮ ತಾಯಿಯವರಿಗೆ ಈಗ ಎಂಬತ್ತೆರಡು ವರ್ಷ. ಅವರು ಮೂಲೆಯಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಇಂಗ್ಲಿಷ್ ಅವರಿಗೆ ಬಾರದು. ಆದರೆ ಮೊಮ್ಮಗಳ ಇಂಗ್ಲಿಷಿನ ನಡುವೆ ಒಂದು ಕನ್ನಡ ಪದವಿತ್ತು. ಆ ಪದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದ ಅವಳಿಗೆ ಸಿಕ್ಕಿರಲಿಲ್ಲ.

"ಏನಂದಿ ತಂಗೀ? ಕರಡಿಗಿ ಅಂದೆಲ್ಲ?"

ಮಗಳು ಸಂತೋಷದಿಂದಲೇ ಎಲ್ಲವನ್ನೂ ಕನ್ನಡದಲ್ಲಿ ವಿವರಿಸಿದಳು. ತಾಯಿಯವರು ಸೊಪ್ಪನ್ನು ಬುಟ್ಟಿಯಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, "ಇದನ್ನ ನಿನಗ ಯಾರ್ ಹೇಳಿದ್ರು?" ಎಂದರು. ಮಗಳು ನಮ್ಮತ್ತ ನೋಡಿದಳು.

ಸಂಗತಿ ಇಷ್ಟೇ. ನಮ್ಮ ತಂದೆಯವರು 1972ರಲ್ಲಿ ಲಿಂಗೈಕ್ಯರಾದರು. ಆಗ ನಮಗೆ ಒಂಬತ್ತು ವರ್ಷ. ಅಂದಿನ ಮೈಸೂರು ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಬರಗಾಲ ಬಿದ್ದಿದ್ದ ಕಾಲವದು. ತಾಯಿಯವರು ಹಳ್ಳಿ ಬಿಟ್ಟು ಧಾರವಾಡಕ್ಕೆ ಬಂದು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕಾಯಕ ಹಿಡಿದರು. ನಾವು ಉಚಿತ ಪ್ರಸಾದ ನಿಲಯದಲ್ಲಿ ಬೆಳೆದೆವು. 1981ರಲ್ಲಿ ಪದವಿ ಕಾಲೇಜಿನ ಶುಲ್ಕ ಕಟ್ಟಬೇಕಾದಾಗ ಮನೆಯಲ್ಲಿ ಮಾರಲು ಉಳಿದಿದ್ದುದು ಒಂದೇ: ತವರಿನಿಂದ ಬಂದ ಅವರ ಬೆಳ್ಳಿಯ ಕರಡಿಗೆ. ಅದನ್ನು ಸರಾಫರ ಅಂಗಡಿಗೆ ಕೊಟ್ಟು, ಇಷ್ಟಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿಕೊಂಡು ಸೆರಗಿನ ಮರೆಯಲ್ಲಿ ಧರಿಸಿದರು. ಪೂಜೆ ಲಿಂಗಕ್ಕೇ ಹೊರತು ಬೆಳ್ಳಿಗಲ್ಲ, ವಸ್ತ್ರದಲ್ಲಿ ಧರಿಸುವವರು ಎಷ್ಟೋ ಜನರಿದ್ದಾರೆ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಅದನ್ನು ಬಂಧುಗಳಾರಿಗೂ ತಿಳಿಸಲಿಲ್ಲ. ಪೂಜೆಯ ವೇಳೆ ನಾವು ಕಂಡು ಕೇಳಿದ್ದರಿಂದ ನಮಗೆ ಹೇಳಿದರು; ಯಾರ ಮುಂದೆಯೂ ಆಡಬೇಡವೆಂದರು.

ಆ ಮಾತನ್ನು ನಾವು ಐದು ವರ್ಷ ಪಾಲಿಸಿದೆವು. 1986ರಲ್ಲಿ ಸಹಕಾರಿ ಸಂಸ್ಥೆಯೊಂದರಲ್ಲಿ ಗುಮಾಸ್ತರ ಹುದ್ದೆಗೆ ಸಂದರ್ಶನವಿತ್ತು. ಎರಡು ಪ್ರಶ್ನೆಗಳಿಗೆ ನಮ್ಮಿಂದ ಸರಿಯಾದ ಉತ್ತರ ಬರಲಿಲ್ಲ. ಕೆಲಸ ಕೈತಪ್ಪಿತೆಂದು ಎದೆ ಕುಸಿಯುತ್ತಿದ್ದಾಗ ಒಬ್ಬ ಹಿರಿಯರು, "ಓದಿಸಿದವರು ಯಾರಪ್ಪಾ?" ಎಂದು ಕೇಳಿದರು. ನಾವು ಕರಡಿಗೆಯ ಸಂಗತಿಯನ್ನು ಹೇಳಿಬಿಟ್ಟೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡುದು ನಮಗೆ ಇಂದಿಗೂ ನೆನಪಿದೆ. ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಬೆಳ್ಳಿಯ ಕರಡಿಗೆ ಮಾಡಿಸಿ ತಾಯಿಯವರ ಕೈಗಿಟ್ಟೆವು. ಆ ಸಂಬಳ ಯಾವ ಮಾತಿನಿಂದ ಬಂದುದೆಂದು ಮಾತ್ರ ಹೇಳಲಿಲ್ಲ.

ಮುಂದೆ ಅದೇ ಸಂಸ್ಥೆಯಲ್ಲಿ ವ್ಯವಸ್ಥಾಪಕರಾಗಿ ಸಂದರ್ಶನ ಮಂಡಳಿಯಲ್ಲಿ ಕೂಡ್ರುವ ಪ್ರಸಂಗ ಅನೇಕ ಸಲ ಬಂದಿತು. ಮೇಜಿನ ಆಚೆ ಕುಳಿತವನ ಕಥೆ ಈಚೆ ಕುಳಿತವರ ಮೇಲೆ ಏನು ಮಾಡುತ್ತದೆಂಬುದನ್ನು ಆಗ ಕಂಡೆವು. ಕಣ್ಣೀರಿಗೆ ಅಂಕ ಬೀಳುತ್ತಿತ್ತು. ಯಾರ ಕಥೆ ನಿಜ, ಯಾರದು ಕಲಿತು ಬಂದುದು ಎಂದು ಗುರುತಿಸಬಲ್ಲೆವೆಂದು ಪ್ರತಿಯೊಬ್ಬ ಸದಸ್ಯನೂ ನಂಬಿದ್ದ; ನಾವೂ ನಂಬಿದ್ದೆವು. ಕೇಂದ್ರ ಸರಕಾರವು 2016ರ ಜನವರಿ 1ರಿಂದ ಗ್ರೂಪ್ ಸಿ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಐ.ಎ.ಎಸ್. ಮೊದಲಾದ ಸೇವೆಗಳಿಗೆ ಇಂದಿಗೂ ಸಂದರ್ಶನವುಂಟು. ಒಟ್ಟು 2025 ಅಂಕಗಳಲ್ಲಿ ಅದಕ್ಕೆ 275. ಸಂದರ್ಶನವೇ ಬೇಡವೆಂದು ನಾವು ಹೇಳಲಾರೆವು. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ, ಮೊದಲೇ ಗೊತ್ತುಪಡಿಸಿದ ಅಳತೆಯಿಂದ ಅಂಕ ಕೊಟ್ಟರೆ ಪಕ್ಷಪಾತ ಎಷ್ಟೋ ಕಡಿಮೆಯಾಗುವುದನ್ನು ಕಂಡಿದ್ದೇವೆ.

ಒಬ್ಬ ತರುಣನನ್ನು ಮರೆಯಲಾರೆವು. ಪದವಿಯ ನಂತರ ಎರಡು ವರ್ಷ ಏನು ಮಾಡಿದೆ ಎಂದು ಕೇಳಿದೆವು. "ತಂದೆಯವರ ಸೇವೆಯಲ್ಲಿದ್ದೆ" ಎಂದ. ಏನು ಕಾಯಿಲೆ ಎಂದು ನಾವೇ ಕೆದಕಿದೆವು. ಆತ ಕೈಜೋಡಿಸಿ, "ಅದನ್ನು ಹೇಳಲು ಅವರನ್ನು ಕೇಳಿಲ್ಲ ಸರ್" ಎಂದ. ಹೊರಗೆ ಹೋದ ಮೇಲೆ ಮಂಡಳಿಯವರು "ಮನಸ್ಸು ಬಿಚ್ಚುವ ಹುಡುಗನಲ್ಲ" ಎಂದರು. ನಾವೂ ಹೂಂಗುಟ್ಟಿ ಕಡಿಮೆ ಅಂಕ ಹಾಕಿದೆವು. ಜನರ ಠೇವಣಿಯ ಲೆಕ್ಕವನ್ನು ಗುಟ್ಟಾಗಿ ಕಾಯಬೇಕಾದ ಕೆಲಸಕ್ಕೆ, ತಂದೆಯ ಗುಟ್ಟನ್ನು ಕಾದವನನ್ನು ನಾವು ಬೇಡವೆಂದೆವು!

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗ ವಾಚಕರಿಗೆ ತಿಳಿದದ್ದೇ. ಅಲ್ಲಮಪ್ರಭುಗಳು ಆಕೆಯನ್ನು ಸುಲಭವಾಗಿ ಬರಮಾಡಿಕೊಳ್ಳಲಿಲ್ಲ. ನಿನ್ನ ಪತಿ ಯಾರೆಂದು ಕೇಳಿದರು. ಉಡುಗೆ ತೊರೆದ ಮೇಲೆ ಕೂದಲಿನ ಮರೆ ಏಕೆಂದು ಕೇಳಿದರು. ಬಿರುಸಾದ ಪ್ರಶ್ನೆಗಳೇ. ಆದರೆ ಅಕ್ಕ ಮುಂದಿಟ್ಟದ್ದು ತನ್ನ ಬಾಳನ್ನು, ತನ್ನ ಅನುಭಾವವನ್ನು. ಕೊನೆಗೆ ಕೇಳಿದವರೇ ಆಕೆಯ ನಿಲುವನ್ನು ಕೊಂಡಾಡಿದರು. ನಮ್ಮ ಕಚೇರಿಯ ಮೇಜನ್ನು ಅನುಭವ ಮಂಟಪಕ್ಕೆ ಹೋಲಿಸುವ ಉದ್ಧಟತನ ನಮಗಿಲ್ಲ. ಆ ತರುಣ ಹೋದ ಮೇಲೆ ಈ ಪ್ರಸಂಗ ನಮ್ಮನ್ನು ಬಹಳ ಕಾಡಿತು, ಅಷ್ಟೇ. ಕೇಳುವವನು ತನ್ನದೇನನ್ನೂ ತೋರಿಸದೆ ಎದುರಿನವನದನ್ನೆಲ್ಲ ತೋರಿಸೆನ್ನುವುದು ಯಾವ ನಂಬಿಕೆ? ಅಂದಿನಿಂದ ಅಭ್ಯರ್ಥಿ ಬಂದು ಕುಳಿತ ಕೂಡಲೆ, ಕೆಲಸದ ಮೊದಲ ವರ್ಷ ನಾವು ನಗದು ಎಣಿಸುವುದರಲ್ಲಿ ಮಾಡಿದ ತಪ್ಪನ್ನೂ ಕೈಯಿಂದ ತುಂಬಿದ ಹಣವನ್ನೂ ಮೊದಲು ಹೇಳುತ್ತಿದ್ದೆವು. ಹುಡುಗರ ಭುಜ ಸಡಿಲಾಗುತ್ತಿತ್ತು. ಅವರೂ ತಮ್ಮ ತಪ್ಪುಗಳನ್ನು ಹೇಳತೊಡಗುತ್ತಿದ್ದರು. ಹೆಣ್ಣುಮಕ್ಕಳಿಗೆ "ಮದುವೆಯಾದ ಮೇಲೆ ಕೆಲಸ ಬಿಡುವಿರೇನು?" ಎಂದು ಕೇಳುವ ಹಳೆಯ ಚಾಳಿಯನ್ನೂ ನಮ್ಮ ಮಂಡಳಿಯಲ್ಲಿ ನಿಲ್ಲಿಸಿದೆವು.

ಇಷ್ಟೆಲ್ಲ ತಿಳಿದಿದ್ದರೂ ಮಗಳಿಗೆ ಅಜ್ಜಿಯ ಕಥೆಯನ್ನು ಎತ್ತಿಕೊಟ್ಟವರು ನಾವೇ. ಆಕೆ ಚಿಕ್ಕವಳಿದ್ದಾಗ ಹಿರಿಯರ ಕಷ್ಟ ತಿಳಿಯಲೆಂದು ಹೇಳಿದ್ದೆವು. ಮನೆಯ ಮಾತು ಮನೆಯಲ್ಲಿರುವುದೆಂದು ಎಣಿಸಿದ್ದೆವು.

"ಅದು ನನ್ನ ಕಥಿ ತಂಗೀ," ಎಂದರು ತಾಯಿಯವರು. "ನೌಕರಿ ಸಿಗಲಿ ಅಂತ ಮಂದಿ ಮುಂದ ಹೇಳೂದಲ್ಲ. ನಿಂದೇನೈತಿ ಅದನ್ನ ಹೇಳು."

"ನಂದೇನೈತಿ ಆಯೀ? ನನಗ ನೀವ್ಯಾರೂ ಕಷ್ಟಾನ ಕೊಟ್ಟಿಲ್ಲ" ಎಂದು ಮಗಳು ಅಳುಮೋರೆ ಮಾಡಿದಳು. ಅದೂ ನಿಜವೇ. ಸುಖವಾಗಿ ಬೆಳೆದ ಮಕ್ಕಳಿಗೆ ಈ ಪ್ರಶ್ನೆ ಹೊಸ ಬಗೆಯ ಸಂಕಟ. ರಾತ್ರಿ ಬಹಳ ಹೊತ್ತು ಕುಳಿತು ಅವಳದೇ ಒಂದು ಸಂಗತಿಯನ್ನು ಹುಡುಕಿದೆವು. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಅವಳ ಲೆಕ್ಕ ತಪ್ಪಿ ಗೆಳತಿಯರ ಎರಡು ವಾರದ ದುಡಿಮೆ ವ್ಯರ್ಥವಾಗಿತ್ತು. ಬೇರಾರೂ ಕಂಡುಹಿಡಿಯುವ ಮೊದಲೇ ತಾನಾಗಿ ಹೇಳಿ ಬೈಸಿಕೊಂಡಿದ್ದಳು. ಅದನ್ನೇ ಹೇಳುವೆನೆಂದಳು. ಎರಡು ನಿಮಿಷದ ಮಾತು. ಅದರಲ್ಲಿ ಮರುಪ್ರಶ್ನೆಗೆ ಅಂಜುವಂಥದು ಏನೂ ಇರಲಿಲ್ಲ.

ಬೆಂಗಳೂರಿನ ಆ ಕೆಲಸ ಅವಳಿಗೆ ದೊರೆಯಲಿಲ್ಲ. ಎರಡು ತಿಂಗಳ ತರುವಾಯ ಹುಬ್ಬಳ್ಳಿಯಲ್ಲಿ ಬೇರೊಂದು ಕೆಲಸ ದೊರೆಯಿತು. ಅಲ್ಲಿ ಯಾವ ಕಥೆಯನ್ನೂ ಕೇಳಲಿಲ್ಲವಂತೆ!

ನಮ್ಮ ಲೆಕ್ಕ ಮಾತ್ರ ಉಳಿದಿತ್ತು. ಮರುದಿನ ಬೆಳಗಿನ ಪೂಜೆ ಮುಗಿದ ಮೇಲೆ ತಾಯಿಯವರ ಬಳಿ ಕುಳಿತು 1986ರ ಸಂಗತಿಯನ್ನು ಹೇಳಿಕೊಂಡೆವು. ಅವರು ಕೊರಳಲ್ಲಿದ್ದ ಕರಡಿಗೆಯನ್ನು ಮುಟ್ಟಿ ನೋಡಿಕೊಂಡರು. ಬಹಳ ಹೊತ್ತಿನ ಮೇಲೆ ಕೇಳಿದರು:

"ಕೇಳಿದವ್ರು ನಕ್ಕರೇನು?"

"ಇಲ್ಲವ್ವ. ಒಬ್ಬರು ಕಣ್ಣು ಒರೆಸಿಕೊಂಡರು."

"ಹಂಗಾರ ಇರ್ಲಿ ಬಿಡು" ಎಂದು ವಿಭೂತಿಗಟ್ಟಿಯನ್ನು ಎತ್ತಿಟ್ಟು ಒಳಗೆ ಹೋದರು. ಅಂದು ಮಧ್ಯಾಹ್ನದವರೆಗೆ ನಮ್ಮೊಡನೆ ಮಾತನಾಡಲಿಲ್ಲ.

ಈ ಲೇಖನವನ್ನು ಕಳುಹಿಸುವ ಮುನ್ನ ಅವರಿಗೆ ಪೂರ್ತಿಯಾಗಿ ಓದಿ ಹೇಳಿದ್ದೇವೆ. ಒಂದು ಸಂಗತಿಯನ್ನು ತೆಗೆಯಲು ಹೇಳಿದರು, ತೆಗೆದಿದ್ದೇವೆ.