ಹೊಗೆಯಿಲ್ಲದ ವಿದ್ಯುತ್ತಿನ ಸದ್ದು

ಕೊಂಢವಾದ ನಮ್ಮ ಬಡಾವಣೆಯಲ್ಲಿ ಕರೆಂಟು ಹೋದರೆ ಕತ್ತಲೆಗಿಂತ ಮೊದಲು ಗದ್ದಲ ಬರುತ್ತದೆ. ಕಟ್ಟಡಕ್ಕೊಂದರಂತೆ ಡೀಸೆಲ್ ಜನರೇಟರುಗಳು! ಅವುಗಳ ಹೊಗೆಯನ್ನು ಎಲ್ಲರೂ ಬಯ್ಯುತ್ತಾರೆ. ಸದ್ದಿನ ಮಾತೆತ್ತಿದರೆ ಮಾತ್ರ 'ಸ್ವಲ್ಪ ಸಹಿಸಿಕೊಳ್ಳಿ' ಎನ್ನುತ್ತಾರೆ. ಬಿ.ಎಸ್ಸಿ. ಓದಿ ಸರಕಾರಿ ಕಡತಗಳ ನಡುವೆ ಕೂತಿರುವ ನನಗೆ, ಹೊಗೆಯೇ ಇಲ್ಲದ ವಿದ್ಯುತ್ತಾದರೂ ನಿಶ್ಶಬ್ದವಾಗಿರುತ್ತದೆಯೇ ಎಂಬ ಕುತೂಹಲ ಹುಟ್ಟಿತು.

ಓದುತ್ತ ಹೋದಾಗ ಕೇರಳದ ವಿಝಿಂಜಂ ಸಿಕ್ಕಿತು. ತಿರುವನಂತಪುರದ ಬಳಿಯ ಆ ಮೀನುಗಾರಿಕೆ ಬಂದರಿನಲ್ಲಿ ಮದರಾಸಿನ ಐ.ಐ.ಟಿ.ಯವರು 1991ರಲ್ಲಿ ಕಡಲಿನ ಅಲೆಗಳಿಂದ ವಿದ್ಯುತ್ ತೆಗೆದು ತೋರಿಸಿದರು. ಸ್ಥಾವರದ ಸಾಮರ್ಥ್ಯ 150 ಕಿಲೋವಾಟ್. ಈಗ ಅದು ನಿಂತಿದೆ. ತತ್ತ್ವ ಮಾತ್ರ ಬಲು ಸರಳ. ನೀರಿನೊಳಗೆ ಬಾಯಿ ತೆರೆದ ಕಾಂಕ್ರೀಟು ಕೋಣೆ. ಅಲೆ ಏರಿದಾಗ ಒಳಗಿನ ಗಾಳಿ ಕೊಳವೆಯ ಮೂಲಕ ಹೊರಕ್ಕೆ, ಇಳಿದಾಗ ಹೊರಗಿನದು ಒಳಕ್ಕೆ. ಕಮ್ಮಾರನ ತಿದಿಯಂತೆಯೇ ಅನ್ನಿ. ಗಾಳಿ ಯಾವ ಕಡೆ ಬೀಸಿದರೂ ಒಂದೇ ದಿಕ್ಕಿಗೆ ತಿರುಗುವ ಟರ್ಬೈನನ್ನು 1970ರ ದಶಕದಲ್ಲೇ ಬೆಲ್‌ಫಾಸ್ಟಿನ ಪ್ರೊಫೆಸರ್ ಅಲನ್ ವೆಲ್ಸ್ ರೂಪಿಸಿದ್ದರು.

ಸದ್ದು ಹುಟ್ಟುವುದು ಇಲ್ಲಿಯೇ. ವೆಲ್ಸ್ ಟರ್ಬೈನು ಬಹಳ ವೇಗವಾಗಿ ತಿರುಗಬೇಕು. ಅದರ ಅಲಗುಗಳು ಗಾಳಿಯನ್ನು ಸೀಳಿ ಕೂಗುತ್ತವೆ. ದೊಡ್ಡ ಅಲೆ ಬಂದು ಗಾಳಿ ಮಿತಿಮೀರಿ ನುಗ್ಗಿದರೆ, ಅದು ಅಲಗಿನ ಮೈಗಂಟಿ ಹರಿಯದೆ ಸುಳಿಸುಳಿಯಾಗುತ್ತದೆ. ಆಗ ಶಕ್ತಿ ಕುಸಿಯುತ್ತದೆ, ಅಬ್ಬರ ಏರುತ್ತದೆ. ಅದೂ ಒಂದೇ ಸಮನೆ ಇದ್ದರೆ ಕಿವಿ ಒಗ್ಗಿಕೊಂಡೀತು; ಇದು ಅಲೆಯೊಂದಿಗೆ ಏರುತ್ತ ಇಳಿಯುತ್ತ ಹಗಲಿರುಳೂ ನಡೆಯುವಂಥದು.

ಉಪಾಯಗಳು ಇಲ್ಲದಿಲ್ಲ. ನಿಧಾನವಾಗಿ ತಿರುಗುವ ಇಂಪಲ್ಸ್ ಟರ್ಬೈನನ್ನು ವಿಝಿಂಜಂನಲ್ಲೇ ಪರೀಕ್ಷಿಸಿದರು. 2000ದಲ್ಲಿ ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಕಟ್ಟಿದ ಸ್ಥಾವರದಲ್ಲಿ ಸದ್ದಡಗಿಸಲೆಂದೇ ಒಂದು ಕೋಣೆಯಿತ್ತು. ಆದರೆ ಸದ್ದಿಗೆ ಅಡ್ಡ ಕಟ್ಟಿದರೆ ಗಾಳಿಗೂ ಅಷ್ಟಿಷ್ಟು ಅಡ್ಡಿಯಾಗಿ ವಿದ್ಯುತ್ತು ತಗ್ಗುತ್ತದೆ. ಮೌನಕ್ಕೂ ಬೆಲೆಯುಂಟು. ಅದನ್ನು ಯಾರಾದರೂ ತೆರಲೇಬೇಕು: ಸ್ಥಾವರದವರು, ಇಲ್ಲವೇ ಪಕ್ಕದಲ್ಲಿ ಮಲಗುವವರು. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್.

ನನ್ನಾಕೆಯ ತವರು ಮರವಂತೆ. ಕಡಲಿನ ಮೊರೆತ ಕೇಳಿಯೇ ನಮ್ಮತ್ತೆ ಮಳೆ ಹತ್ತಿರ ಬಂತೆನ್ನುತ್ತಾರೆ. ದೋಣಿ ಇಳಿಸುವವರೂ ಮೊದಲು ಕಿವಿಗೊಡುತ್ತಾರೆ. ಆ ದಂಡೆಯಲ್ಲಿ ನಾಳೆ ಇಂಥ ಸ್ಥಾವರ ಎದ್ದರೆ ಅವರ ಕಿವಿಗೆ ಕಡಲು ಕೇಳಿಸೀತೇ?

ಬೇಡವೆನ್ನುವವನು ನಾನಲ್ಲ. ಹೊಗೆಯಿಲ್ಲದ ವಿದ್ಯುತ್ತು ಬರಲಿ. ಆದರೆ ಅದರ ಎಸ್ಟಿಮೇಟಿನಲ್ಲಿ ಸಿಮೆಂಟು, ಕಬ್ಬಿಣ, ಕೇಬಲ್ಲುಗಳ ಬಾಬಿನ ಜೊತೆಗೆ ನೆರೆಯವರ ನಿದ್ದೆಯ ಬಾಬೂ ಮೊದಲ ದಿನವೇ ಸೇರಿರಲಿ. ಮಂಜೂರಾದ ಕಡತಕ್ಕೆ ಆಮೇಲೆ ಒಂದು ಸಾಲು ಸೇರಿಸುವುದು ಎಷ್ಟು ಕಷ್ಟವೆಂದು ಗುಮಾಸ್ತನಾದ ನಾನು ಬಲ್ಲೆ.